ವಾಸಿತಿಯ ಕಾಂಡ್ಲಾ

"ಗಿಡಗಳೆಲ್ಲಿ ಅಕ್ಕಾ?" ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಕೆಸರಿನಲ್ಲಿ ನಿಂತಿದ್ದ ಟೆವಿತಾ ಕೇಳಿದ. ಅನುದಾನದ ಕೆಲಸ ನೋಡಲೆಂದು ರಾಜಧಾನಿ ಸುವಾದ ಅರಣ್ಯ ಇಲಾಖೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಮೆರೆಓನಿ ಏನು ಹೇಳಿಯಾಳು? ಅವಳ ಸಂಘ ಅಲೆ ತಡೆಯಲೆಂದು ಕಳೆದ ವರ್ಷ ಈ ಕಡಲಂಚಿನಲ್ಲಿ ನೆಟ್ಟ ಎರಡು ಸಾವಿರ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಸಸಿಗಳಲ್ಲಿ ಒಂದೂ ಉಳಿದಿರಲಿಲ್ಲ.

ಹಣ ಬಂದದ್ದು ಜೂನ್ ಕೊನೆಗೆ. ಜುಲೈ ಮುಗಿಯುವುದರೊಳಗೆ ನೆಟ್ಟು ಫೋಟೊ ಕಳಿಸಬೇಕೆಂಬ ಷರತ್ತು ಬೇರೆ. ಅಲ್ಲಿ ಜುಲೈ ಮಳೆಗಾಲವಲ್ಲ, ಗಾಳಿಗಾಲ; ಆಗ ನೆಟ್ಟದ್ದನ್ನೆಲ್ಲ ಅಲೆ ಕಿತ್ತೊಯ್ಯುತ್ತದೆಂದು ಊರಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನೆಟ್ಟರು. ಈಗ ವರದಿ ಕೆಟ್ಟರೆ ಸಂಘದ ಸಸಿಮನೆಗೆ ಬೀಗ ಬೀಳುತ್ತದೆ, ಮೂವರು ಹೆಂಗಸರ ಕೂಲಿ ನಿಲ್ಲುತ್ತದೆ. ದಾನ ಕೊಡುವ ಹೋಟೆಲಿನವರೂ ಸರ್ಕಾರದ ಮುಖ ನೋಡಿಯೇ ಕೊಡುವವರು. ಏಳು ವರ್ಷದಿಂದ ಅರ್ಜಿ ಬರೆದು ಬರೆದು ಮೆರೆಓನಿಗೆ ಸುಳ್ಳು ಹೇಳುವಷ್ಟೂ ತ್ರಾಣ ಉಳಿದಿರಲಿಲ್ಲ.

"ಅಲ್ಲಲ್ಲ ಮಗಾ, ಆ ಕಡೆ!" ಏಡಿ ಹಿಡಿಯಲು ಬಂದಿದ್ದ ವಾಸಿತಿ ಅಜ್ಜಿ ದೂರದಿಂದಲೇ ಕೂಗಿದಳು. "ಇವ್ಳಿಗೆ ತಾನು ನೆಟ್ಟಿದ್ದೇ ನೆನಪಿರಲ್ಲ. ಬಾ, ಆಫೀಸಿನ ಕಾಲಿಗೂ ಇನ್ನಷ್ಟು ಕೆಸರು ಮೆತ್ಕೊಳ್ಲಿ."

ಹೊಳೆ ಕಡಲು ಸೇರುವಲ್ಲಿ ಎದೆಮಟ್ಟದ ಕಾಂಡ್ಲಾ ದಟ್ಟವಾಗಿ ನಿಂತಿತ್ತು. ಮಗ ಹೋದ ದೋಣಿ ಮರಳಿ ಬಾರದ ವರ್ಷದಿಂದ ಅಜ್ಜಿ ಒಬ್ಬಳೇ, ಯಾರ ಒಂದು ಕಾಸೂ ಇಲ್ಲದೆ, ಮಳೆಗಾಲಕ್ಕೊಂದಿಷ್ಟು ನೆಡುತ್ತ ಬಂದದ್ದು.

"ಬೇಡ ಅಜ್ಜಿ, ಇದು ನಿಂದು," ಮೆರೆಓನಿ ಪಿಸುಗುಟ್ಟಿ ಅವಳ ತೋಳು ಜಗ್ಗಿದಳು.

"ನಾನೇನು ಹೊತ್ಕೊಂಡು ಹೋಗ್ತೀನಾ? ಸುಮ್ನಿರೇ."

ಟೆವಿತಾ ಒಂದು ಕಾಂಡವನ್ನು ಬೆರಳಿನಿಂದ ಅಳೆದ. "ಒಂದೇ ವರ್ಷಕ್ಕೆ ಇಷ್ಟು ದಪ್ಪ!"

"ಮಣ್ಣು ಒಳ್ಳೇದು," ಎಂದಳು ಅಜ್ಜಿ.

ಅವನು ಮೆರೆಓನಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. "ಹೋಗ್ಲಿ ಬಿಡಿ ಅಕ್ಕಾ," ಅವನೂ ದಣಿದವನಂತೆ ಹೇಳಿದ, "ನಮ್ಮ ಸಾಹೇಬ್ರಿಗೂ ಎಲ್ಲಾದ್ರೂ ಹಸಿರು ತೋರಿಸ್ಲೇಬೇಕಲ್ಲ."

ಚೀಲದಿಂದ ಸುತ್ತಿಗೆ, ತಗಡಿನ ಫಲಕ ತೆಗೆದ. ಸರ್ಕಾರದ ಹೆಸರು, ಹೋಟೆಲಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಸಂಘದ ಹೆಸರು. ಫಲಕದ ಗೂಟ ಕೆಸರಿನಲ್ಲಿ ನಿಲ್ಲದೆ ಓಲಾಡಿತು. ಹಿಡಿಯಲು ಮೆರೆಓನಿಗೆ ಕೈ ಬರಲಿಲ್ಲ.

ಅಜ್ಜಿಯೇ ಮುಂದೆ ಬಂದು ಗೂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಹೊಡಿ ಮಗಾ," ಎಂದಳು. "ಬೇರು ನೋಡ್ಕೊಂಡು ಹೊಡಿ."