ಹಗ್ಗದ ಮೇಲಿನ ಹಸಿರು ಹೊದಿಕೆ

ನಲ್ಲಿ ತಿರುಗಿಸಿದರೆ ಚಹಾ ಬಣ್ಣದ ನೀರು. ಬಿಳಿ ಅಂಗಿ ಒಗೆದರೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಕುಡಿದರೆ ಹೊಟ್ಟೆಯಲ್ಲಿ ಗುಡುಗು. ಬೀದಿಯ ಮೂಲೆಯಲ್ಲಿ ಯಾರೋ ರಸ್ತೆ ಅಗೆದು, ನೀರಿನ ಪೈಪು ಒಡೆದು, ಗುಂಡಿ ಮುಚ್ಚದೆ ಹೋಗಿದ್ದರು. ಜನ ದಿನಾ ಆ ಗುಂಡಿ ದಾಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ನೀರು ಯಾಕೆ ಕೆಟ್ಟಿತು ಎಂಬ ಮಾತು ಬಂದಾಗ ಒಬ್ಬರೂ ಗುಂಡಿಯ ಕಡೆ ನೋಡಲಿಲ್ಲ. ಎಲ್ಲರೂ ಫೋನು ನೋಡಿದರು.

ಆ ಬೀದಿಯ ಕಟ್ಟಡವೊಂದರ ಮೇಲಿನ ಮನೆಯಲ್ಲಿ ಕನ್ನಡಕದಕ್ಕ ಇದ್ದಳು. ಕನ್ನಡಕದಂಗಡಿಯಲ್ಲಿ ಗಾಜು ಕತ್ತರಿಸಿ, ಫ್ರೇಮಿಗೆ ಕೂರಿಸಿ, ಸ್ಕ್ರೂ ಬಿಗಿ ಮಾಡುವುದು ಅವಳ ಕೆಲಸ. ಸಂಜೆ ಪಾತ್ರೆ ತೊಳೆದಾದ ಮೇಲೆ ಬ್ಲಾಗ್ ಬರೆಯುವುದು ಅವಳ ಹುಚ್ಚು. ಬ್ಲಾಗಿನ ಹೆಸರು ‘ತಾರಸಿ ಮಾತು’. ಬಸ್ಸಿನ ಜಗಳ, ಟಿವಿಯ ಗದ್ದಲ, ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುವವರು ಬೆಳಿಗ್ಗೆ ಎದ್ದು ಫೋನಿಗೆ ಗುಲಾಬಿ ಹೂ ಯಾಕೆ ಕಳಿಸುತ್ತಾರೆ ಎಂಬ ಅನುಮಾನ, ಎಲ್ಲ ಅಲ್ಲಿ ಬರುತ್ತಿತ್ತು.

“ನಿನ್ನ ಬ್ಲಾಗ್ ಓದೋರು ನಾಲ್ಕೇ ಜನ, ಅದರಲ್ಲಿ ಇಬ್ಬರು ನಾನೇ” ಎಂದು ಗಂಡ ರೇಗಿಸುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಕೆಳಗೆ ಓಡಾಡಿ ಸಾಕಾಗಿ, ಮನೆಗೆ ಬಂದರೆ ಯಾರ ತಂಟೆಯೂ ಬೇಡ ಎನ್ನುವ ಜಾಯಮಾನ.

ಒಂದು ಶನಿವಾರ ಅಂಗಡಿಗೆ ಗಿರಾಕಿಯೊಬ್ಬರು ಬಂದು ಹೊಸ ಕನ್ನಡಕ ಹಾಕಿಕೊಂಡರು. ಅಂಗಡಿಯವರು ಕೊಟ್ಟ ಅಕ್ಷರದ ಹಲಗೆಯನ್ನು ಈಗ ಯಾರೂ ಓದುವುದಿಲ್ಲ. ಜೇಬಿನಿಂದ ಫೋನು ತೆಗೆದು ಅದನ್ನೇ ಓದಿ ಪರೀಕ್ಷೆ ಮಾಡಿಕೊಳ್ಳುತ್ತಾರೆ. ಇವರೂ ಜೋರಾಗಿ ಓದಿದರು. “ಎಚ್ಚರಿಕೆ. ನೀರಿನ ಟ್ಯಾಂಕಿಗೆ ವಿಷ ಬೆರೆಸುವ ಗುಂಪು ನಮ್ಮ ಬಡಾವಣೆಗೂ ಬಂದಿದೆ. ಕಂಡಲ್ಲಿ ಹಿಡಿಯಿರಿ. ನಿಮ್ಮವರಿಗೆಲ್ಲ ಕಳಿಸಿ.” ಆಮೇಲೆ ಸಂತೋಷದಿಂದ, “ಅಬ್ಬಾ, ಒಂದೊಂದು ಅಕ್ಷರಾನೂ ಸ್ಪಷ್ಟವಾಗಿ ಕಾಣ್ತಾ ಇದೆ ಕಣಮ್ಮ” ಎಂದರು.

ಕನ್ನಡಕದಕ್ಕ ಬಗ್ಗಿ ನೋಡಿದಳು. ಚಿತ್ರದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಮನುಷ್ಯನೊಬ್ಬ ಟ್ಯಾಂಕಿನ ಬಾಯಿಗೆ ಬಿಳಿ ಪುಡಿ ಸುರಿಯುತ್ತಿದ್ದ. ಅವಳ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಹಾಗೇ ನಿಂತಿತು. ಆ ಚಿತ್ರ ತೆಗೆದವಳು ಅವಳೇ. ಆ ತಾರಸಿ ಅವಳ ಮನೆಯ ಮೇಲಿನದು. ಆ ಮನುಷ್ಯ ಅವರ ಟ್ಯಾಂಕಣ್ಣ, ಬೀದಿಯ ಟ್ಯಾಂಕುಗಳನ್ನೆಲ್ಲ ಉಜ್ಜಿ ತೊಳೆದು, ಕ್ರಿಮಿ ಸಾಯಲೆಂದು ಬ್ಲೀಚಿಂಗ್ ಪುಡಿ ಹಾಕುವವನು. ‘ನಮ್ಮ ನೀರು ಕಾಯುವವನು’ ಎಂದು ಅವನನ್ನು ಹೊಗಳಿ ಅವಳು ಬಹಳ ಹಿಂದೆ ಬ್ಲಾಗಿನಲ್ಲಿ ಬರೆದಿದ್ದಳು. ಯಾರೋ ಆ ಚಿತ್ರ ಕದ್ದು, ಒಂದು ಬದಿ ಕತ್ತರಿಸಿ, ಕೆಳಗೆ ಸುಳ್ಳು ಅಂಟಿಸಿದ್ದರು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಅತ್ತೆ.

“ನೋಡಿದ್ಯೇನೇ? ನೀರಿಗೆ ವಿಷ ಹಾಕ್ತಾ ಇದಾರಂತೆ. ನನ್ನ ತಂಗಿಗೆ, ಅವಳ ಸೊಸೆಗೆ, ನಮ್ಮ ಹಾಡಿನ ಗುಂಪಿಗೆ, ಎಲ್ಲರಿಗೂ ಕಳಿಸಿಬಿಟ್ಟೆ.”

“ಅತ್ತೆ, ಅದು ನಮ್ಮ ಟ್ಯಾಂಕಣ್ಣ. ಚಿತ್ರ ನಾನೇ ತೆಗೆದಿದ್ದು.”

“ಸುಮ್ನಿರೇ. ಟ್ಯಾಂಕು ಅಂದ್ರೆ ಎಲ್ಲಾ ಒಂದೇ ಥರ ಇರುತ್ತೆ. ಬೆಂಕಿ ಇಲ್ದೆ ಹೊಗೆ ಆಡುತ್ತಾ? ನೀರಿನ ಬಣ್ಣ ನೋಡು ಬೇಕಾದ್ರೆ.”

ಅಷ್ಟರಲ್ಲಿ ಗಂಡ ಬಂದ. ಚಪ್ಪಲಿ ಬಿಡುತ್ತಲೇ ದನಿ ತಗ್ಗಿಸಿ ಹೇಳಿದ. “ನಾಳೆ ಬೆಳಿಗ್ಗೆ ಟ್ಯಾಂಕ್ ತೊಳೆಯೋಕೆ ಟ್ಯಾಂಕಣ್ಣ ಬರ್ತಾನಲ್ಲ, ಪುಡಿ ಹಾಕೋ ಅವನೂ ಆ ಗುಂಪಿನವನೇ ಅಂತ ಎಲ್ಲರಿಗೂ ಅನುಮಾನ. ತಾರಸಿಗೆ ಹತ್ತಿದ ಮೇಲೆ ಬೀಗ ಹಾಕಿ ವಿಚಾರಿಸ್ತಾರಂತೆ. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಹತ್ತಿರ ಕೀ ರೆಡಿ ಇದೆ.”

“ವಿಚಾರಿಸೋದು ಅಂದ್ರೆ?”

ಗಂಡ ಚಪ್ಪಲಿಯನ್ನು ಮೂಲೆಗೆ ತಳ್ಳಿ ಒಳಗೆ ಹೋದ. ಆ ಮಾತಿನ ಅರ್ಥ ಮೂವರಿಗೂ ಗೊತ್ತಿತ್ತು.

ಅವಳು ಟ್ಯಾಂಕಣ್ಣನಿಗೆ ಫೋನು ಮಾಡಿದಳು. ಪಕ್ಕದ ಕಟ್ಟಡದವರು ಆಗಲೇ ಕೆಲಸಕ್ಕೆ ಬರಬೇಡ ಅಂದಿದ್ದರಂತೆ. “ನಾನು ಬಂದ್ರೆ ಹೊಡೀತಾರೆ ಅಕ್ಕ, ಬರದೇ ಇದ್ರೆ ತಪ್ಪು ಮಾಡಿ ಓಡಿಹೋದ ಅಂತಾರೆ” ಎಂದ.

“ನಾನು ಹೇಳೋವರೆಗೂ ಬರಬೇಡಿ ಅಣ್ಣ. ಆದ್ರೆ ಎಲ್ಲೂ ಓಡಿಹೋಗಬೇಡಿ. ತಪ್ಪು ಮಾಡಿದೋರು ನೀವಲ್ಲ.”

ಊಟಕ್ಕೆ ಮುಂಚೆಯೇ ಅವಳು ಬ್ಲಾಗ್ ಬರೆದಳು. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾವು ಈಗ ಅದನ್ನೇ ಮಾಡುತ್ತಿದ್ದೇವೆ. ಈ ಚಿತ್ರ ನನ್ನದು, ಈ ತಾರಸಿ ನಮ್ಮದು, ಆ ಪುಡಿ ವಿಷವಲ್ಲ. ನೀರು ಕೆಟ್ಟಿರುವುದು ಮೂಲೆಯ ಗುಂಡಿಯಿಂದ. ನೀರು ಸರಬರಾಜಿನವರಿಗೆ ದೂರು ಕೊಟ್ಟಿದ್ದೇನೆ, ನೀವೂ ಕೊಡಿ. ಅಲ್ಲಿಯವರೆಗೆ ಕುದಿಸಿ ಆರಿಸಿ ಕುಡಿಯಿರಿ.’ ಕತ್ತರಿಸದ ಹಳೇ ಚಿತ್ರವನ್ನೂ ಪಕ್ಕದಲ್ಲಿಟ್ಟು ಬೀದಿಯವರ ಫೋನಿನ ಗುಂಪಿಗೆ ಕಳಿಸಿದಳು.

ನಾಲ್ಕು ಜನ ಓದುತ್ತಿದ್ದ ಬ್ಲಾಗನ್ನು ಆವತ್ತು ಇಡೀ ಬೀದಿ ಓದಿತು. ಓದಿ ಬಾಯಿಗೆ ಬಂದ ಹಾಗೆ ಬೈಯಿತು. ‘ನಿನಗೆಷ್ಟು ಪಾಲು ಕೊಟ್ಟಿದ್ದಾನೆ?’ ಎಂದು ಒಬ್ಬರು. ‘ಮನೆ ಕೆಲಸ ನೋಡಿಕೋ’ ಎಂದು ಇನ್ನೊಬ್ಬರು. ಅವರೇ ಬೆಳಿಗ್ಗೆ ಗುಲಾಬಿ ಕಳಿಸಿದ್ದವರು. ಕಡೆಗೆ ಕಾರ್ಯದರ್ಶಿಯಿಂದ, ‘ತಕ್ಷಣ ಅಳಿಸಿ. ಇಲ್ಲವಾದರೆ ಗುಂಪಿನಿಂದ ತೆಗೆಯಲಾಗುವುದು.’

“ಅಳಿಸಿಬಿಡೇ” ಎಂದ ಗಂಡ. “ಊರ ಉಸಾಬರಿ ನಮಗ್ಯಾಕೆ? ನಾಳೆಯಿಂದ ಇದೇ ಮೆಟ್ಟಿಲು ಹತ್ತಿ ಇಳೀಬೇಕು ನಾವು.”

“ಅಳಿಸಲ್ಲ ರೀ.”

“ಒಬ್ಬಳೇ ಏನು ಮಾಡ್ತೀಯ?”

“ಸುಳ್ಳು ಹೇಳಿದೋನು ಯಾರಂತಲೇ ಗೊತ್ತಿಲ್ಲ, ಅವನು ಅಳಿಸಲ್ಲ. ಹಂಚಿದೋರು ಅಳಿಸಲ್ಲ. ನಿಜ ಬರೆದೋಳು ಮಾತ್ರ ಅಳಿಸಬೇಕಾ? ಗುಂಪಿಂದ ತೆಗೀಲಿ. ಮೆಟ್ಟಿಲಿಂದ ತೆಗೆಯೋಕಾಗಲ್ಲವಲ್ಲ.”

ಹೇಳಿ ಮುಗಿಯುವುದರೊಳಗೆ ಗುಂಪಿನಿಂದ ತೆಗೆದೇಬಿಟ್ಟಿದ್ದರು. ಗಂಡ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಕಣ್ಣು ಒರೆಸಿಕೊಂಡು ಅತ್ತೆಯ ಮುಂದೆ ಕೂತಳು.

“ಅತ್ತೆ, ನನ್ನ ಮಾತು ನಂಬಬೇಡಿ. ನಿಮ್ಮ ಕನ್ನಡಕ ಹಾಕ್ಕೊಳ್ಳಿ.”

ಸೊಸೆ ಮಾಡಿಕೊಟ್ಟ ಆ ಕನ್ನಡಕ ಹಾಳಾಗಬಾರದೆಂದು ಅತ್ತೆ ಅದನ್ನು ಡಬ್ಬಿಯಲ್ಲೇ ಜೋಪಾನ ಮಾಡಿದ್ದರು. ಫೋನು ನೋಡುತ್ತಿದ್ದದ್ದು ಬರಿಗಣ್ಣಲ್ಲಿ, ಅಂದಾಜಿನ ಮೇಲೆ. ಗೊಣಗುತ್ತಾ ಹಾಕಿಕೊಂಡರು. ಸೊಸೆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು.

“ಟ್ಯಾಂಕ್ ಬಿಡಿ. ಹಿಂದೆ ಬಟ್ಟೆ ಒಣಗಿಸೋ ಹಗ್ಗ ಇದೆಯಲ್ಲ, ಅದನ್ನ ನೋಡಿ.”

ಚಿತ್ರದ ಅಂಚಿನಲ್ಲಿ ಹಸಿರು ಹೊದಿಕೆಯೊಂದರ ಮೂಲೆ ಉಳಿದುಕೊಂಡಿತ್ತು. ಅದರ ಮೇಲೆ ಮೂರು ಮೂಲೆಯ ಹಳದಿ ತೇಪೆ.

ಅತ್ತೆ ತಾವೇ ಬೆರಳಿಟ್ಟು ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದರು. ಹಳೇ ಪರದೆ ಕತ್ತರಿಸಿ ಆ ತೇಪೆ ಹಾಕಿದವರು ಅವರೇ. ಆ ಹೊದಿಕೆ ಈಗಲೂ ಅವರ ಮಂಚದ ಮೇಲೇ ಇತ್ತು. ತಮ್ಮ ಮನೆಯ ತಾರಸಿಯನ್ನು, ತಾವೇ ಹೊಲಿದ ಹೊದಿಕೆಯನ್ನು ವಿಷದ ಸುದ್ದಿ ಎಂದು ನೆಂಟರಿಷ್ಟರಿಗೆಲ್ಲ ಹಂಚಿಬಿಟ್ಟಿದ್ದರು.

“ಥೂ, ನನ್ನ ಬುದ್ಧಿಗಿಷ್ಟು” ಎಂದರು. ಎದ್ದು ಹೋಗಿ ಮಂಚದ ಮೇಲಿನ ಹೊದಿಕೆ ಎಳೆದುಕೊಂಡು ಬಂದರು. “ಬೆಳಿಗ್ಗೆ ನಾನೂ ಬರ್ತೀನಿ. ಯಾರು ಬೀಗ ಹಾಕ್ತಾರೋ ನೋಡೇಬಿಡೋಣ.”

ಬೆಳಿಗ್ಗೆ ತಾರಸಿಯ ತುಂಬಾ ಜನ. ಕಾರ್ಯದರ್ಶಿ ಕೀ ಗೊಂಚಲು ಹಿಡಿದು ಬಾಗಿಲ ಬಳಿ ನಿಂತಿದ್ದರು. ಕೆಲವರ ಕೈಯಲ್ಲಿ ಕೋಲಿತ್ತು, ಎಲ್ಲರ ಕೈಯಲ್ಲಿ ಫೋನಿತ್ತು. ಅತ್ತೆ ಯಾರಿಗೂ ಏನೂ ಹೇಳದೆ ನೇರವಾಗಿ ನಡೆದು ಹೋಗಿ, ಆ ಹಗ್ಗದ ಮೇಲೆ, ಅದೇ ಜಾಗದಲ್ಲಿ ಹೊದಿಕೆ ಹರವಿದರು.

“ಈಗ ನಿಮ್ಮ ನಿಮ್ಮ ಫೋನ್ ತೆಗೀರಿ. ಚಿತ್ರಾನೂ ನೋಡಿ, ಇದನ್ನೂ ನೋಡಿ. ಈ ಹಳದಿ ತೇಪೆ ಹಾಕಿದ್ದು ನಾನು. ಎಲ್ಲೋ ವಿಷ ಹಾಕೋ ಗುಂಪು ನನ್ನ ಹೊದಿಕೆ ಒಣಗಿಸ್ತಾ ಇತ್ತಾ?”

ಫೋನುಗಳು ಮೇಲೆದ್ದವು. ಹೊದಿಕೆ, ಚಿತ್ರ, ಮತ್ತೆ ಹೊದಿಕೆ. ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಒಂದು ಕೋಲು ಗೋಡೆಗೆ ಒರಗಿತು.

ಕಾರ್ಯದರ್ಶಿ ಸುಲಭಕ್ಕೆ ಬಿಡುವವರಲ್ಲ. “ತಾರಸಿ ನಮ್ಮದೇ ಅಂತ ಇಟ್ಕೊಳ್ಳಿ. ಆ ಪುಡಿ ಯಾವುದಮ್ಮ? ಅದು ವಿಷ ಅಲ್ಲ ಅಂತ ಏನು ಖಾತ್ರಿ?”

“ನಿಮ್ಮ ಕೀ ಗೊಂಚಲು ಕೊಡಿ ಸಾರ್” ಎಂದಳು ಕನ್ನಡಕದಕ್ಕ. ಮೆಟ್ಟಿಲ ಪಕ್ಕದ ಸಾಮಾನಿನ ಕೋಣೆ ತೆಗೆದಳು. ಒಳಗೆ ಬ್ಲೀಚಿಂಗ್ ಪುಡಿಯ ಡಬ್ಬ. “ಇದೇ ಪುಡಿ. ಸಂಘದ ಪರವಾಗಿ ಪ್ರತಿ ಸಲ ಇದನ್ನ ತಂದು ಅವನ ಕೈಗೆ ಕೊಡೋರು ಯಾರು?”

ತರುತ್ತಿದ್ದವರು ಕಾರ್ಯದರ್ಶಿಯೇ. ಅವರು ಡಬ್ಬ ನೋಡಿದರು, ಕೀ ಗೊಂಚಲು ಅವಳಿಂದ ವಾಪಸ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಉಳಿದ ಕೋಲುಗಳೂ ಕೆಳಗಿಳಿದವು.

ಆಗ ಅವಳು ಟ್ಯಾಂಕಣ್ಣನಿಗೆ ಫೋನು ಮಾಡಿದಳು. ಗಂಡ ತಾನೇ ಕೆಳಗೆ ಹೋಗಿ ಅವನನ್ನು ಕರೆದುಕೊಂಡು ಬಂದ. ಬ್ರಷ್ಷು, ಬಕೆಟ್ಟು ಹಿಡಿದು ಬಂದವನಿಗೆ ಎಲ್ಲರೂ ದಾರಿ ಬಿಟ್ಟರು. ಒಬ್ಬರು, “ತಪ್ಪು ತಿಳ್ಕೋಬೇಡಪ್ಪ, ನಮಗೆ ಬಂದಿದ್ದನ್ನ ನಾವು ಕಳಿಸಿದ್ವಿ ಅಷ್ಟೇ” ಎಂದರು.

ಟ್ಯಾಂಕಣ್ಣ ಬಕೆಟ್ಟು ಕೆಳಗಿಟ್ಟ. “ನನ್ನ ಮಗಳ ಫೋನಿಗೂ ಬಂತು ಸ್ವಾಮಿ. ‘ಅಪ್ಪಾ, ಇದು ನೀನಾ’ ಅಂತ ಕೇಳಿದ್ಲು” ಎಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಟ್ಯಾಂಕಿನೊಳಗೆ ಇಳಿದ. ಒಳಗಿನಿಂದ ಬ್ರಷ್ಷು ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ತಾರಸಿಯ ಮೇಲೆ ನಿಂತವರಿಗೆ ತಲೆ ಎತ್ತಲಾಗಲಿಲ್ಲ.

ಅತ್ತೆ ಹಗ್ಗದ ಪಕ್ಕದಲ್ಲೇ ಕೂತು ಫೋನಿಗೆ ಮಾತಾಡಿ ಕಳಿಸತೊಡಗಿದರು. ತಂಗಿಗೆ, ಅವಳ ಸೊಸೆಗೆ, ಹಾಡಿನ ಗುಂಪಿಗೆ. “ನಾನು ನಿನ್ನೆ ಕಳಿಸಿದ್ದು ಸುಳ್ಳು ಕಣ್ರೇ. ಆ ಹೊದಿಕೆ ನಂದು. ನೀವು ಯಾರಿಗೆ ಕಳಿಸಿದ್ರೋ ಅವರಿಗೆಲ್ಲ ಇದನ್ನೂ ಕಳಿಸಿ.”

“ನಗ್ತಾರೆ ಕಣಮ್ಮ” ಎಂದ ಮಗ.

“ನಗಲಿ ಬಿಡೋ. ಸುಳ್ಳು ಕಳಿಸುವಾಗ ನಾಚಿಕೆ ಆಗಲಿಲ್ಲ, ನಿಜ ಕಳಿಸೋಕೆ ಯಾಕೆ ನಾಚಿಕೆ? ನೀನೂ ಕಳಿಸು, ಹೆಂಡತಿ ಬರೆದಿದ್ದನ್ನ.” ಮಗ ಕಳಿಸಿದ. ಮೊದಲ ಸಲ ಹೆಮ್ಮೆಯಿಂದ ಕಳಿಸಿದ.

ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಪಕ್ಕದ ಕಟ್ಟಡದವರು ಇನ್ನೂ ಟ್ಯಾಂಕಣ್ಣನನ್ನು ಕರೆದಿಲ್ಲ. ಆ ಚಿತ್ರ ಇನ್ನೂ ಎಲ್ಲೋ ಓಡಾಡುತ್ತಿದೆ. ಕಾರ್ಯದರ್ಶಿ ಮಾತ್ರ ಸಂಜೆ ಮನೆಗೆ ಬಂದು, ಕನ್ನಡಕದಕ್ಕನನ್ನು ಗುಂಪಿಗೆ ಮತ್ತೆ ಸೇರಿಸಿರುವುದಾಗಿ ಹೇಳಿದರು. ಹೇಳಿ, ಕೆಮ್ಮಿ, “ಈಗ ಎಲ್ಲಾ ಮುಗೀತಲ್ಲ ಅಮ್ಮ, ಕಟ್ಟಡದ ಮರ್ಯಾದೆ ಪ್ರಶ್ನೆ, ಆ ಬರಹ ಅಳಿಸಿಬಿಡಿ” ಎಂದರು.

ಅವಳಿಗಿಂತ ಮೊದಲು ಗಂಡ ಬಾಯಿ ಬಿಟ್ಟ. “ಅಳಿಸಲ್ಲ ಸಾರ್. ಕಾಫಿ ಕುಡೀತೀರಾ? ನೀರು ಕುದಿಸಿದ್ದೇ.”

ಇದನ್ನು ಓದುತ್ತಿರುವವರೇ, ಕೂತು ಕೇಳುತ್ತಿರುವವರೇ, ನಿಮ್ಮ ಫೋನಿಗೂ ನಾಳೆ ಇಂಥದ್ದೊಂದು ಬರುತ್ತದೆ. ಬೇಗ ಕಳಿಸಿ, ಎಲ್ಲರಿಗೂ ಕಳಿಸಿ ಎಂದು ಅವಸರ ಮಾಡುತ್ತದೆ. ಅವಸರ ಮಾಡಿದಷ್ಟೂ ನೀವು ನಿಧಾನ ಮಾಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಚಿತ್ರ ಹಿಗ್ಗಿಸಿ ಮೂಲೆ ಮೂಲೆ ನೋಡಿ. ಕಳಿಸಿದವರನ್ನು ‘ನಿಮಗೆ ಎಲ್ಲಿಂದ ಬಂತು’ ಎಂದು ಕೇಳಿ, ಹಳೇ ಚಿತ್ರವೋ ಎಂದು ಹುಡುಕಿ. ಗೊತ್ತಾಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿ, ಸುಳ್ಳಿಗೆ ನಿಮ್ಮ ಬೆರಳು ಬಾಡಿಗೆಗೆ ಕೊಡಬೇಡಿ. ಯಾರನ್ನಾದರೂ ಹಿಡಿಯಿರಿ, ಹೊಡೆಯಿರಿ ಎಂಬ ಮಾತಿದ್ದರೆ ಪೊಲೀಸರಿಗೆ ತಿಳಿಸಿ. ಆಗಲೇ ಕಳಿಸಿಬಿಟ್ಟಿದ್ದರೆ ಆ ಅತ್ತೆಯ ಹಾಗೆ ಎದೆ ಸೆಟೆಸಿ, ಕಳಿಸಿದವರಿಗೆಲ್ಲ ‘ಅದು ಸುಳ್ಳು’ ಎಂದು ಹೇಳಿ. ಯಾರಾದರೂ ನಿಜ ಅಳಿಸು ಎಂದರೆ, ಅಳಿಸಬೇಡಿ.

ಚಿತ್ರದಲ್ಲಿ ಇರುವವನು ಯಾರೇ ಆಗಲಿ, ಅವನ ಮನೆಯಲ್ಲೂ ಒಂದು ಫೋನಿದೆ.