ಕಂಟ್ರೋಲರ್ ಗುರಪ್ಪ ತಂದ ಸೀರೆಗಳು

ಗುರಪ್ಪನಿಗೆ ಪ್ರೀತಿಯೆಂದರೆ ಬೇಗ ಮುಗಿಸಿ ಕೈ ತೊಳೆದುಕೊಳ್ಳಬೇಕಾದ ಕೆಲಸ. ಇದು ಅವನ ವೈರಿಗಳು ಹಬ್ಬಿಸಿದ ಮಾತಲ್ಲ. ವೈರ ಬೆಳೆಯುವಷ್ಟು ಹೊತ್ತು ಅವನು ಯಾರ ಬಳಿಯೂ ನಿಂತವನಲ್ಲ. ಹುನಗುಂದದ ಬಸ್ ನಿಲ್ದಾಣದಲ್ಲಿ ಕಂಟ್ರೋಲರನಾಗಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಬಂದ ಬಸ್ಸುಗಳನ್ನು ಹೊರಡಿಸುವುದರಲ್ಲೇ ನೌಕರಿಯ ಆಯುಷ್ಯ ಕಳೆದ ಈ ಮನುಷ್ಯ, ನಿವೃತ್ತನಾದ ಮೇಲೂ ಎದುರಿಗೆ ಸಿಕ್ಕವರನ್ನು ತಡವಾಗಿ ನಿಂತ ಗಾಡಿಗಳಂತೆಯೇ ನೋಡುತ್ತಿದ್ದ. ನಡೆಯುವಾಗ ಎಡಗಾಲನ್ನು ಮುಂದೆ ಚಾಚಿ, ಬಲಗೈಯನ್ನು ತುಸು ಮೇಲೆತ್ತಿ, ಹೊರಟ ಬಸ್ಸಿನ ಬಾಗಿಲು ಹಿಡಿಯುವವನ ಹಾಗೆ ನಡೆಯುತ್ತಿದ್ದ. ಮಾತಿನ ಕೊನೆಗೆ "ಮುಗೀತಲ್ಲ?" ಎನ್ನುವುದು ಅವನ ಚಟ. ಬೀಗರು ಕ್ಷೇಮ ಕೇಳಿದರೂ, ಡಾಕ್ಟರು ಔಷಧ ಬರೆದರೂ, ಮಠದ ಸ್ವಾಮಿಗಳು ತಲೆಯ ಮೇಲೆ ಕೈಯಿಟ್ಟರೂ ಅದೇ ಪ್ರಶ್ನೆ.

ಮಗಳ ಮದುವೆಯಲ್ಲಿ ಕಡೆಯ ಪಂಕ್ತಿಯವರು ಇನ್ನೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗಲೇ ಹಂದರದ ಗಳ ಬಿಚ್ಚಿಸತೊಡಗಿದವನು ಅವನು. ಬೀಗರ ಕಡೆಯ ಹಿರಿಯನೊಬ್ಬ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು, "ಗುರಪ್ಪಾರ, ನಾವು ಉಣ್ಣೂಮಟ ನೆಳ್ಳರ ಬಿಡ್ರಿ" ಎಂದಿದ್ದ. ಹೆಂಡತಿ ತೀರಿದ ಮರುದಿನ ಮಾತಾಡಿಸಲು ಬಂದ ನೆಂಟರಿಗೆ ಸಿಕ್ಕಿದ್ದು ಬಾಗಿಲಿಗೆ ಜಡಿದ ಕೀಲಿ. ಗುರಪ್ಪ ನಿಲ್ದಾಣದಲ್ಲಿ ಸೀಟಿ ಊದುತ್ತಿದ್ದ.

ಅವನ ಅಕ್ಕ ಗುರುಸಿದ್ದವ್ವ ಕಮತಗಿಯಲ್ಲಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಹೈಸ್ಕೂಲಿನಲ್ಲಿ ಕಲಿಸುವ ಮಗಳು ಶೀಲಾ ಜೊತೆಗಿದ್ದಳು. ತಾಯಿ ಬೇಗ ಸತ್ತ ಮನೆಯಲ್ಲಿ ತಮ್ಮನಿಗೆ ರೊಟ್ಟಿ ಬಡಿದು ಹಾಕಿದವಳು ಈ ಅಕ್ಕನೇ. ಆ ಋಣವನ್ನು ಗುರಪ್ಪ ಮರೆತವನಲ್ಲ. ಪ್ರತಿ ಪಂಚಮಿಗೂ ಉಂಡಿ, ಗುಳೇದಗುಡ್ಡದ ಖಣ ಒಯ್ದು, ಹೊಸ್ತಿಲ ಹೊರಗಿನಿಂದಲೇ ಅಕ್ಕನ ಉಡಿಗೆ ಹಾಕಿ, ಅವಳು ಚಹಾಕ್ಕಿಡುವುದರೊಳಗೆ ತಿರುಗಿ ಹೊರಟುಬಿಡುತ್ತಿದ್ದ. ಕರ್ತವ್ಯದಲ್ಲಿ ಲೋಪವಿಲ್ಲ. ಮನುಷ್ಯ ಮಾತ್ರ ಸಿಗುತ್ತಿರಲಿಲ್ಲ.

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಬಾಗಲಕೋಟೆಯ ದವಾಖಾನೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಸುದ್ದಿ ತಿಳಿದ ಗುರಪ್ಪ ಕಮತಗಿಯಲ್ಲಿ ಬಸ್ಸಿಳಿದು ಮೊದಲು ಹೋದದ್ದು ಅಕ್ಕನ ಮನೆಗಲ್ಲ, ಹೊಲಕ್ಕೆ. ಭಾವನ ಸಮಾಧಿಯ ಗದ್ದುಗೆಯ ಪಕ್ಕದಲ್ಲಿ, ಕೂಡ್ರಿಸಿ ಮಣ್ಣು ಕೊಡಲು ಬೇಕಾಗುವಷ್ಟು ಜಾಗವನ್ನು ಕಾಲಿನಿಂದ ಅಳೆದು ಕಲ್ಲಿಟ್ಟು ಗುರುತು ಮಾಡಿದ, ಭಜನೆಯವರಿಗೆ ಹೇಳಿದ, ಕೊನೆಗೆ ವಿಧಿ ಮಾಡಿಸುವ ಬಸಯ್ಯನವರ ಮನೆಯ ಕಟ್ಟೆ ಹತ್ತಿದ.

"ಮಣ್ಣು ಯಾವಾಗ್ರಿ?" ಎಂದರು ಬಸಯ್ಯನವರು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ.

"ಇನ್ನೂ ಜೀವ ಐತ್ರಿ."

"ಮತ್ತ ಈಗ ಯಾಕ ಬಂದ್ರಿ?"

"ನಿಮ್ಮದೊಂದು ಮುಗೀಲಿ ಅಂತ."

ಉಳಿದದ್ದು ಸೀರೆ. ಹೆಣ್ಣುಮಗಳು ತೀರಿದರೆ ಅವಳು ಕೊನೆಗೆ ಉಟ್ಟು ಹೋಗುವ ಸೀರೆ ತವರಿನಿಂದಲೇ ಬರಬೇಕು. ಗಂಡನ ಮನೆಯಲ್ಲಿ ಎಷ್ಟು ಪೆಟ್ಟಿಗೆ ತುಂಬಿದ್ದರೂ ಅವು ಆ ಹೊತ್ತಿಗೆ ಸಲ್ಲುವುದಿಲ್ಲ. ಸಾವಿನ ಸುದ್ದಿ ಮುಟ್ಟಿದ ಮೇಲೆ ಅಣ್ಣನೋ ತಮ್ಮನೋ ಅಂಗಡಿಗೆ ಹೋಗಿ ತರುವುದು ರೂಢಿ. ಗುರಪ್ಪ ಸುದ್ದಿಗೆ ಕಾಯಲಿಲ್ಲ. ಇಳಕಲ್ಲಿಗೆ ಹೋಗಿ, ಕೈಗೆ ಸಿಕ್ಕದ್ದೊಂದನ್ನು ಕಟ್ಟಿಸಿಕೊಂಡು, ಅಕ್ಕ ಅಂಬಲಿ ಕುಡಿಯುತ್ತಿರುವಾಗ ಬಾಗಿಲಲ್ಲಿ ನಿಂತ.

ಶೀಲಾ ಪೊಟ್ಟಣ ನೋಡಿದವಳೇ ಅಡ್ಡ ಬಂದಳು. "ಮಾಮಾ, ಅವ್ವ ಎದ್ದು ಕುಂತಾಳ. ಇದನ್ನ ಹಿಡಕೊಂಡು ಒಳಗ ಹೆಂಗ ಬರ್ತೀರಿ?"

"ಎಂದಿದ್ರೂ ತರೂದ ಐತಿ. ಆವತ್ತ ಅಂಗಡಿ ತಗದಿರತೈತೋ ಇಲ್ಲೋ."

ಒಳಗಿನಿಂದ ಸಣ್ಣ, ಆದರೆ ಸ್ಪಷ್ಟವಾದ ದನಿ ಬಂತು. "ಗುರಪ್ಪನ? ಏನ ತಂದಾನ, ತೋರಸಂತ ಹೇಳ."

ತೋರಿಸದೆ ಗತಿಯಿರಲಿಲ್ಲ. ಗುರುಸಿದ್ದವ್ವ ಸೀರೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಮಣ್ಣಿಗೆ ಹೋಗೂದಂತ ಹೇಳಿ ಜಾಳ ಸೀರಿ ತಂದಿ. ಮಣ್ಣಿಗೆ ಕಣ್ಣಿಲ್ಲೇನು? ಮಿಶನ್ ಮಗ್ಗದ್ದು, ಬಣ್ಣ ನೋಡಿದ್ರ ಬದನಿಕಾಯಿ. ನನಗ ಹಸರ ಒಡಲು ಬೇಕು, ಅಂಚಿಗೆ ಚಿಕ್ಕಿ ಪರಾಸ ದಡಿ, ಕೈಮಗ್ಗದ್ದು."

"ಅವ್ವಾ, ಹಸರಂದ್ರ..." ಎಂದು ಶೀಲಾ ತಡವರಿಸಿದಳು.

"ಯಾಕ, ನಿಮ್ಮಪ್ಪ ಇಲ್ಲಂತನ? ಬಸವಣ್ಣನ ಮನ್ಯಾಗ ಮುತ್ತೈದಿಗೆ ಬ್ಯಾರೆ, ರಂಡಿಗೆ ಬ್ಯಾರೆ ಪಂಕ್ತಿ ಇಲ್ಲ. ಒಯ್ಯೋ ಗುರಪ್ಪಾ, ಬದಲ್ ಮಾಡಿ ತಾ."

ಇಳಕಲ್ಲಿನ ಅಂಗಡಿಕಾರ ಹನಮಂತಪ್ಪ ಪೊಟ್ಟಣವನ್ನು ಮುಟ್ಟಲು ಹಿಂಜರಿದ. "ಮಣ್ಣಿನ ಸೀರಿ ತಿರಗಿ ತಗೊಳ್ಳೂ ಪದ್ಧತಿ ಇಲ್ರಿ ಕಂಟ್ರೋಲರ್ ಸಾಹೇಬರ."

"ಉಟ್ಟಿಲ್ರಿ."

"ಉಟ್ಟವರು ಯಾರೂ ತಿರಗಿ ಕಳಸೂದಿಲ್ಲ ಬಿಡ್ರಿ."

"ಅಕ್ಕ ಬದಕ್ಯಾಳ. ಆಕಿನ ನೋಡಿ ಒಲ್ಲೆ ಅಂದಾಳ."

ಹನಮಂತಪ್ಪ ಕನ್ನಡಕ ತೆಗೆದು ಅವನನ್ನೇ ನೋಡಿದ. "ನಮ್ಮಪ್ಪನ ಕಾಲದಿಂದ ಅಂಗಡಿ ನಡಸಾಕತ್ತೇವ್ರಿ. ಮಣ್ಣಿನ ಸೀರಿ ನಾಪಸಂತ ಮಾಡಿದ ಗಿರಾಕಿ ಇವರ ಮೊದಲು." ಅಕ್ಕ ಕೇಳಿದಂಥ ದಡಿಯ ಸೀರೆ ನೇಕಾರರ ಮನೆಯಲ್ಲಿ ಇನ್ನೂ ಮಗ್ಗದ ಮೇಲಿದೆ, ಇಳಿದ ಕೂಡಲೇ ಫೋನು ಮಾಡುತ್ತೇನೆ ಎಂದ. ಗುರಪ್ಪನಿಗೆ ಕಾಯುವುದು ಒಗ್ಗದು. ತಂದದ್ದನ್ನು ಅಲ್ಲೇ ಬಿಟ್ಟು, ಬೇರೊಂದು ಹಸಿರು ಸೀರೆ ಕಟ್ಟಿಸಿಕೊಂಡು ಹೊರಟ.

"ಇದು ಗಿಳಿ ಹಸರ. ನಾ ಏನ ಗಿಳೀನ?" ಎಂದಳು ಅಕ್ಕ. ಅದರ ನಂತರ ಬಂದದ್ದರ ದಡಿ ಅಗಲ ಸಾಲಲಿಲ್ಲ. ಅದರ ಮುಂದಿನದರ ಸೆರಗಿನ ಕೆಂಪು ಕುಂಕುಮದ ಕೆಂಪಲ್ಲ, ಇಟ್ಟಂಗಿಯ ಕೆಂಪು. ಅಕ್ಕನ ಪರೀಕ್ಷೆಗೆ ಅವಸರವಿರಲಿಲ್ಲ. ಸೀರೆಯ ಮಡಿಕೆ ಬಿಚ್ಚಿಸುವಳು, ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿಸಿ ತಮ್ಮನನ್ನು ನಿಲ್ಲಿಸುವಳು, ಕಣ್ಣು ದಣಿದು ಮುಚ್ಚುವಳು, ಮತ್ತೆ ತೆರೆದು ಇನ್ನೊಂದು ಸಲ ಎನ್ನುವಳು. ನಡುವೆ ತವರಿನಲ್ಲಿ ಯಾವುದೋ ಕಾಲಕ್ಕಿದ್ದ ಎಮ್ಮೆಯ ಹೆಸರು ಕೇಳುವಳು. ಗುರಪ್ಪ ಕುರ್ಚಿಯ ತುದಿಯಲ್ಲಿ ಕೂತು ಮೊಣಕಾಲು ಕುಣಿಸುತ್ತ, ದೂರದಲ್ಲಿ ಹಾರ್ನು ಕೇಳಿದಾಗೆಲ್ಲ ಅರ್ಧ ಏಳುತ್ತ, "ಕೆಂಚಿ" ಎಂದು ಉತ್ತರಿಸುತ್ತಿದ್ದ.

"ಅಮೀನಗಡದ ಬಸ್ಸು ನೀ ಇಲ್ಲದನೂ ಹೊಕ್ಕೈತಿ. ಕುಂಡ್ರು," ಎನ್ನುತ್ತಿದ್ದಳು ಅಕ್ಕ.

ಒಂದು ದಿನ ಅವನ ತಾಳ್ಮೆ ಹರಿಯಿತು. "ಎಷ್ಟ ಸಲ ತಿರಗಸ್ತಿ ಅಕ್ಕಾ? ಒಂದ ಸೀರಿ ಸಂಬಂಧ?"

"ಇಷ್ಟ ವರ್ಷ ಹೊಸ್ತಲದಿಂದನ ತಿರಗಿ ಹೋದಾವ ನೀ," ಎಂದಳು ಗುರುಸಿದ್ದವ್ವ ಕಣ್ಣು ಮುಚ್ಚಿಕೊಂಡೇ. "ಈಗ ಒಳಗಿಂದ ತಿರಗು."

ಹೊರಗೆ ಬಂದಾಗ ಶೀಲಾ ದನಿ ತಗ್ಗಿಸಿ ಹೇಳಿದಳು: "ನೀವು ಬಂದ ದಿನ ಅವ್ವ ಎರಡ ಚಮಚಾ ಹೆಚ್ಚಿಗಿ ಕುಡೀತಾಳ, ಮಾಮಾ. ಉಳಿದ ದಿನ ಬಾಯಿ ತಗಿಯೂದಿಲ್ಲ."

"ಹಂಗಾರ ಅಂಬಲಿ ತೆಳ್ಳಗ ಮಾಡು. ಲಗೂನ ಮುಗೀತೈತಿ," ಎಂದು ಅವನು ಚಪ್ಪಲಿ ಮೆಟ್ಟಿದ. ಶೀಲಾ ಆ ವಾರವಿಡೀ ಅವನ ಜೊತೆ ಮಾತಾಡಲಿಲ್ಲ. ಅವಳ ಮೇಲೆ ತಪ್ಪು ಹೊರಿಸಲಾಗದು.

ಇಂಥವರು ನಮ್ಮ ಊರುಗಳಲ್ಲಿ ಬಳಗಕ್ಕೊಬ್ಬರಂತೆ ಇರುತ್ತಾರೆ. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿರುವಾಗ ಗುದ್ದಲಿ, ಹಗ್ಗ, ವಿಭೂತಿ, ಬಂದವರಿಗೆ ನೀರು, ಇಷ್ಟನ್ನೂ ನೋಡುವವರು ಅವರೇ. ಅವರಿಲ್ಲದಿದ್ದರೆ ಶೋಕವೂ ಸುಸೂತ್ರವಾಗಿ ನಡೆಯದು. ಜನ ಅವರಿಂದ ಕೆಲಸ ಮಾಡಿಸಿಕೊಂಡು ಬೆನ್ನ ಹಿಂದೆ ಕಲ್ಲೆದೆಯವರೆನ್ನುತ್ತಾರೆ. ಅವರ ಒಳಗೂ ದುಃಖವಿರುತ್ತದೆ ಎಂದು ಹೇಳುವುದು ಸುಲಭದ ಔದಾರ್ಯ. ಇರುತ್ತದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ವಿಚಾರಿಸಿಕೊಳ್ಳುವಷ್ಟು ಹೊತ್ತು ಅವರು ತಮ್ಮ ಬಳಿಯೂ ನಿಂತವರಲ್ಲ.

ಹನಮಂತಪ್ಪನ ಫೋನು ಬಂದಾಗ ಗುರುಸಿದ್ದವ್ವನ ಮಾತು ಬಹಳ ಕಡಿಮೆಯಾಗಿತ್ತು. ಗುರಪ್ಪ ಸಿಕ್ಕ ಬಸ್ಸಿಗೆ ಇಳಕಲ್ಲಿಗೆ ಹೋದ. ಅಂಗಡಿಯವನು ಗಾದಿಯ ಮೇಲೆ ಸೀರೆ ಹರಡಿದ. ಹಸಿರು ಒಡಲು, ಕುಂಕುಮದ ಕೆಂಪು ಸೆರಗು, ಅಗಲವಾದ ಚಿಕ್ಕಿ ಪರಾಸ ದಡಿ. ಗುರಪ್ಪ ಅಂಚನ್ನು ಬೆರಳುಗಳ ನಡುವೆ ಉಜ್ಜಿದ. ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಹುಡುಕಿದರೂ ಕುಂದು ಸಿಗಲಿಲ್ಲ.

"ಇನ್ನ ಅಕ್ಕಾರು ಒಲ್ಲೆ ಅನ್ನಂಗಿಲ್ರಿ," ಎಂದ ಹನಮಂತಪ್ಪ. "ಕಟ್ಟಲೇನ್ರಿ?"

ಗುರಪ್ಪ ಸೀರೆಯನ್ನು ಅದರ ಮಡಿಕೆಗಳ ಮೇಲೆಯೇ ನಿಧಾನವಾಗಿ ಮಡಚಿ ಅವನ ಕಡೆ ಸರಿಸಿದ.

"ಇದನ್ನ ಒಳಗ ತಗದಿಡ್ರಿ. ಯಾರಿಗೂ ಕೊಡಬ್ಯಾಡ್ರಿ, ನಾ ಬಂದು ಒಯ್ತೇನಿ." ಆಮೇಲೆ ಕಪಾಟಿನತ್ತ ಕೈ ತೋರಿಸಿದ. "ಈಗ ಅದನ್ನ ಕಟ್ರಿ."

"ಅದು ಅರಿಷಿಣ ಬಣ್ಣರಿ ಸಾಹೇಬರ, ದಡೀನೂ ಚಿಕ್ಕಿ ಪರಾಸ ಅಲ್ಲ, ಗೋಮಿ. ನೋಡಿದ ಕೂಡ್ಲೆ ಬೈತಾರ."

"ಬೈಲಿ," ಎಂದು ಗುರಪ್ಪ ಕೈಚೀಲದ ಬಾಯಿ ಅಗಲಿಸಿ ಹಿಡಿದ.