ನಡುವಿನ ಪೆಡಲು

ನನ್ನ ಗಂಡನಿಗೆ ಕಾರಿನ ಹುಚ್ಚು ಹಿಡಿದಿದೆ ಅನ್ನುವುದು ನನಗೆ ಗೊತ್ತಾದದ್ದು ಇಲಿಗೂಡಿನಿಂದ. ಒಂದು ಸಂಜೆ ಪಂಚೆಯ ಮಡಿಲ ತುಂಬ ನಾರು, ಕೂದಲು, ಹರಿದ ಚರ್ಮ ತುಂಬಿಕೊಂಡು ಬಂದು ನನ್ನ ಮುಂದೆ ಸುರಿದರು. ಇದು ಡಾಕ್ಟರ ಕಾರಿನ ಸೀಟಂತೆ, ಇಲಿ ಸಂಸಾರ ಮಾಡಿಬಿಟ್ಟಿದೆಯಂತೆ, ನಾನು ಹೊಲಿದುಕೊಡಬೇಕಂತೆ. ನಮ್ಮ ಅಡುಗೆಮನೆಯ ಹೆಂಚು ಒಡೆದು ಮೂರು ತಿಂಗಳಾಗಿತ್ತು. ಅದು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಗಂಡನ ಹೆಸರು ಹೇಳಬಾರದು ಅಂತಾರೆ. ಊರಿಗೆಲ್ಲ ಗೊತ್ತಿರುವ ಹೆಸರು ನನ್ನ ಬಾಯಲ್ಲಿ ಬಂದರೆ ಸವೆಯುತ್ತದೆಯೇ? ಚೆನ್ನಯ್ಯ. ಗುಂಡ್ಲುಪೇಟೆ ಕಡೆಯಿಂದ ಬಂದು ಮಸಿನಗುಡಿಯಲ್ಲಿ ಗಾಡಿ ಚಕ್ರ ಮಾಡಿಕೊಂಡಿದ್ದೆವು. ಅವರಿಗೆ ತಕ್ಕ ಜೊತೆ ಬೆಳ್ಳಿ ಅನ್ನುವವನು. ಕಲ್ಲಟ್ಟಿಯ ಮೇಲಿನ ಹಟ್ಟಿಯ ಬಡಗರವನು. ಆಲೂಗಡ್ಡೆ ಹೇರಿಕೊಂಡು ನಮ್ಮೂರಿಗೆ ಇಳಿಯುತ್ತಿದ್ದ. ಹಿಂದೆ ಎರಡು ವರ್ಷ ಎಸ್ಟೇಟಿನ ಲಾರಿ ಓಡಿಸಿದ್ದರಿಂದ ಎಂಜಿನ್ನಿನ ಕೆಮ್ಮು ಕೇಳಿಯೇ ಅದರ ರೋಗ ಹೇಳುವಷ್ಟು ಗರ್ವ ಅವನಿಗೆ.

ಕಾರು ಡಾಕ್ಟರ್ ರಂಗನಾಥನ್ ಅವರದು. ಊಟಿಯಿಂದ ವಾರ ವಾರ ನಮ್ಮೂರಿನ ಜ್ವರದ ಆಸ್ಪತ್ರೆಗೆ ಅದರಲ್ಲೇ ಇಳಿದು ಬರುತ್ತಿದ್ದರು. ಕೊನೆಗೆ ಅದೇ ಜ್ವರ ಅವರನ್ನೂ ತೆಗೆದುಕೊಂಡು ಹೋಯಿತು. ನಾವು ಈ ಊರಿಗೆ ಬರುವ ಮುಂಚಿನ ಮಾತದು. ಹತ್ತು ವರ್ಷದಿಂದ ಕಾರು ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಕೊಳೆಯುತ್ತಿತ್ತು. ಇವರಿಬ್ಬರೂ ಊಟಿಗೆ ಹೋಗಿ ಡಾಕ್ಟರ ಹೆಂಡತಿ ಕಮಲಂ ಅವರನ್ನು ಕೇಳಿದರು. ದುಡ್ಡು ಬೇಡ ಅಂದರಂತೆ ಆಕೆ. ಕಾರನ್ನು ಅದರ ಕಾಲ ಮೇಲೇ ಹತ್ತಿಸಿ ನನ್ನ ಗೇಟಿಗೆ ತನ್ನಿ, ಅವರು ಬರುತ್ತಿದ್ದ ಕಲ್ಲಟ್ಟಿ ದಾರಿಯಲ್ಲೇ ತನ್ನಿ, ಆಮೇಲೆ ಅದು ನಿಮ್ಮದು ಅಂದರಂತೆ.

ಎರಡು ವರ್ಷ ಹಿಡಿಯಿತು. ಗೆದ್ದಲು ತಿಂದ ಚಕ್ರದ ಕಡ್ಡಿಗಳನ್ನೆಲ್ಲ ನಮ್ಮವರು ಹೊಸದಾಗಿ ಕೆತ್ತಿದರು. ಬೆಳ್ಳಿ ಎಂಜಿನ್ನನ್ನು ಬಿಚ್ಚಿ ನನ್ನ ಚಾಪೆಯ ಮೇಲೆ ಹರವಿ, ತೊಳೆದು, ಮತ್ತೆ ಕೂಡಿಸಿದ. ಕೂಡಿಸಿದ ಮೇಲೆ ಉಳಿದ ಎರಡು ತಿರುಪು ಇಂದಿಗೂ ನನ್ನ ಸಾಸಿವೆ ಡಬ್ಬಿಯಲ್ಲಿವೆ. ನಾನು ಬೈದುಕೊಂಡೇ ಸೀಟು ಹೊಲಿದೆ, ಮೇಲಿನ ಮುಸುಕೂ ಹೊಲಿದೆ. ಆಮೇಲೆ ಯಾರೂ ಹೇಳದಿದ್ದರೂ ದೀಪದ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಅದರಲ್ಲಿ ನನ್ನ ಮುಖ ಕಂಡ ದಿನ ಹುಚ್ಚು ಮೂವರಿಗೂ ಹಿಡಿದಿದೆ ಅಂತ ಒಪ್ಪಿಕೊಂಡೆ.

ಕಾಲ ಕೆಳಗೆ ಮೂರು ಪೆಡಲುಗಳಿದ್ದವು. ಮುಂದಕ್ಕೆ ಒಂದು, ನಿಲ್ಲಿಸಲು ಒಂದು, ನಡುವಿನದು ಹಿಂದಕ್ಕೆ ಹೋಗಲು. ಆಚೀಚೆಯ ಎರಡರ ಮೇಲೆ ಇಂಗ್ಲಿಷ್ ಅಕ್ಷರ ಕೆತ್ತಿದ ಹಾಗೇ ಇತ್ತು. ನಡುವಿನದು ಮಾತ್ರ ಅಕ್ಷರ ಅಳಿದು, ಅಂಚು ಕರಗಿ, ನಮ್ಮಜ್ಜಿಯ ಒಳಕಲ್ಲಿನಷ್ಟು ನುಣ್ಣಗಾಗಿತ್ತು. ಡಾಕ್ಟರಿಗೆ ಸೂಜಿ ಚುಚ್ಚಲು ಬರುತ್ತಿತ್ತೇ ಹೊರತು ಗಾಡಿ ಬಿಡಲು ಬರುತ್ತಿರಲಿಲ್ಲ, ಮುಂದಕ್ಕಿಂತ ಹಿಂದಕ್ಕೇ ಹೆಚ್ಚು ಓಡಿಸಿದ್ದಾರೆ ಅಂತ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಮ್ಮಾರನ ಹತ್ತಿರ ಹೊಸ ಪೆಡಲೊಂದನ್ನು ಬಡಿಸಿ ತಂದೂ ಆಯಿತು. ಅದನ್ನು ಕೂಡಿಸುವ ಮೊದಲೇ ಊಟಿಯಿಂದ ಕಾಗದ ಬಂತು.

ಕಮಲಂ ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಟಿದ್ದರು. ಗುರುವಾರ ಮಧ್ಯಾಹ್ನ ಮೂರು ಗಂಟೆಯ ರೈಲು. ಅಷ್ಟರೊಳಗೆ ಕಾರು ಗೇಟಿಗೆ ಬರದಿದ್ದರೆ ಹಳೇ ಕಬ್ಬಿಣದ ಧರ್ಮಲಿಂಗಂ ಕೇಳಿದ್ದಾನೆ, ಅವನು ಒಯ್ಯಲಿ ಅಂತ ಬರೆದಿದ್ದರು. ನನಗೆ ಅನ್ನ ಸೇರಲಿಲ್ಲ. ಆ ಸೀಟಿನ ಒಂದೊಂದು ಹೊಲಿಗೆಯೂ ನನ್ನ ಬೆರಳಿಗೆ ಗೊತ್ತಿತ್ತು.

ಗುರುವಾರ ಬೆಳಗ್ಗೆ ಬೆಳ್ಳಿ ಕಾರಿನ ಮುಂದೆ ನಿಂತು ಎಂಜಿನ್ನಿನ ಹಿಡಿ ತಿರುಗಿಸಿದ. ಎರಡನೇ ಸುತ್ತಿಗೇ ಎಂಜಿನ್ನು ಹಿಡಿಯಿತು. ಮಸಿನಗುಡಿಯ ಕೋಳಿಗಳೆಲ್ಲ ಸೂರು ಹತ್ತಿದವು. ನಾನು ಹಿಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತೆ. ಸೀಗೂರು ಹೊಳೆಯ ಸೇತುವೆ ದಾಟುವಾಗ ಗಾಳಿಗೆ ಕಣ್ಣಲ್ಲಿ ನೀರು ಬಂತು. ನಾನು ನಗುತ್ತಿದ್ದೆ ಅನ್ನುವುದು ಗಂಡ ತಿರುಗಿ ನೋಡಿದಾಗಲೇ ನನಗೆ ತಿಳಿದದ್ದು.

ಘಾಟಿಯ ಬುಡದಲ್ಲಿ ಧರ್ಮಲಿಂಗಂ ಕಾಯುತ್ತಿದ್ದ. ಎರಡು ಜೊತೆ ಎತ್ತು, ಒಂದು ಗಾಡಿ, ದಪ್ಪ ಹಗ್ಗ. ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಎಳೆದುಕೊಂಡು ಹೋಗುತ್ತೇನೆ, ನೀವು ಆತುರ ಪಡಬೇಡಿ ಅಂತ ನಗುತ್ತ ನಮ್ಮ ಹಿಂದೆಯೇ ಹೊರಟ. ಎರಡನೇ ತಿರುವು ಕಳೆದು ಏರು ನೆಟ್ಟಗಾಯಿತು. ಕಾರು ಎರಡು ಸಲ ಬಿಕ್ಕಿ ನಿಂತಿತು. ನಮ್ಮವರು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು. ಬೆಳ್ಳಿ ಹಿಡಿ ತಿರುಗಿಸಿ ಬೆವರಿದ. ಬಂತು, ಹತ್ತು ಮಾರು ಹೋಯಿತು, ಮತ್ತೆ ನಿಂತಿತು. ಅವನು ಕೊಳವೆ ಊದಿದ, ತಂತಿ ನೋಡಿದ, ಎಲ್ಲ ಸರಿಯಾಗಿಯೇ ಇತ್ತು. ಸೀಟಿನ ಕೆಳಗಿನ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲೂ ಇತ್ತು. ಕೆಳಗಿನಿಂದ ಎತ್ತಿನ ಗಂಟೆ ಕೇಳಿಸತೊಡಗಿತು.

ನಮ್ಮವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಎರಡು ವರ್ಷದಲ್ಲಿ ಆ ಮುಖ ಅಷ್ಟು ಬಾಡಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಸೀಟು ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದೆ. ಪೆಟ್ರೋಲೆಲ್ಲ ಹಿಂಬದಿಗೆ ಹೋಗಿ ನಿಂತಿತ್ತು. ಎಂಜಿನ್ನು ಮುಂದೆ, ಮೇಲೆ, ಅಲ್ಲಿಗೆ ಅದು ಹರಿಯುವುದು ಹೇಗೆ? ಸೀಮೆಎಣ್ಣೆ ಡಬ್ಬಿ ತಳ ಕಂಡಾಗ ನಾನೇನು ಮಾಡುತ್ತೇನೆ? ಮೂತಿ ತಗ್ಗಿಸಿ ಹಿಡಿಯುತ್ತೇನೆ. ಆಗ ನನ್ನ ಕಣ್ಣು ನಡುವಿನ ಪೆಡಲಿನ ಮೇಲೆ ಬಿತ್ತು.

"ಡಾಕ್ಟರಿಗೆ ಗಾಡಿ ಬಿಡೋಕೆ ಬರ್ತಿತ್ತು," ಅಂದೆ. "ನಿಮಗೇ ಬರದು. ತಿರುಗಿಸಿ ಇದನ್ನ. ಹಿಂದು ಮುಂದಾಗಿ ಹತ್ತುಸ್ಬೇಕು."

ಬೆಳ್ಳಿ ನನ್ನನ್ನು ನೋಡಿದ, ಪೆಡಲನ್ನು ನೋಡಿದ, ಹಣೆ ಹಣೆ ಬಡಿದುಕೊಂಡ. ಹಿಂದಕ್ಕೆ ಹೋಗುವ ಗೇರಿಗೆ ಬಲವೂ ಹೆಚ್ಚು ಅಂತ ಅವನಿಗೆ ಆಗ ನೆನಪಾಯಿತು. ಕಾರನ್ನು ಮೆಲ್ಲಗೆ ತಿರುವಿನವರೆಗೆ ಜಾರಿಸಿ, ಮೂವರೂ ಹೆಗಲು ಕೊಟ್ಟು ತಿರುಗಿಸಿದೆವು. ಮೂತಿ ಕೆಳಗಾದದ್ದು ಕಂಡು ಧರ್ಮಲಿಂಗಂ, ಇವರು ಸೋತು ಇಳಿಯುತ್ತಿದ್ದಾರೆ ಅಂದುಕೊಂಡು ಹಗ್ಗ ಬಿಚ್ಚಿಕೊಂಡು ಬಂದ. ಅಷ್ಟರಲ್ಲಿ ಬೆಳ್ಳಿ ಹಿಡಿ ತಿರುಗಿಸಿ, ಹತ್ತಿ ಕೂತು ನಡುವಿನ ಪೆಡಲು ತುಳಿದ. ಕಾರು ಹಿಮ್ಮುಖವಾಗಿ ಬೆಟ್ಟ ಹತ್ತತೊಡಗಿತು. ಹಗ್ಗ ಹಿಡಿದ ಧರ್ಮಲಿಂಗಂ ಬಾಯಿ ತೆರೆದುಕೊಂಡು ಅಲ್ಲೇ ಉಳಿದ.

ನಾನು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಮೇಲಿನ ದಾರಿಗೆ ಮುಖ ಮಾಡಿ, ಎಡಕ್ಕೆ ಬಲಕ್ಕೆ ಅಂತ ಕೂಗತೊಡಗಿದೆ. ಕೆಳಮುಖವಾಗಿ ಕೂತ ಬೆಳ್ಳಿಗೆ ನನ್ನ ಎಡ ಬಲವಾಗಿ, ಚಕ್ರ ಪ್ರಪಾತದ ಅಂಚಿನ ಹುಲ್ಲು ಮುಟ್ಟಿತು. ಅವನು ಕಷ್ಟಪಟ್ಟು ಬ್ರೇಕು ತುಳಿದ.

"ಅಕ್ಕಾ, ಎಡ ಬಲ ಬೇಡ. ಬೆಟ್ಟ ಅನ್ನು, ಹಳ್ಳ ಅನ್ನು."

ಅಲ್ಲಿಂದ ಬೆಟ್ಟ, ಹಳ್ಳ, ಬೆಟ್ಟ, ಹಳ್ಳ. ಒಂದೊಂದು ತಿರುವಿಗೂ ನನ್ನ ದನಿ ದೊಡ್ಡದಾಯಿತು. ಮುಂದೆ ಕೂತಿದ್ದ ನಮ್ಮವರು ಧರ್ಮಲಿಂಗಂ ಇಷ್ಟುದ್ದ ಆದ, ಗೇಣುದ್ದ ಆದ, ಎತ್ತು ಇರುವೆಯಾಯಿತು ಅಂತ ವರದಿ ಒಪ್ಪಿಸುತ್ತಿದ್ದರು. ಬೆಳ್ಳಿಯ ಹಟ್ಟಿಯ ಹತ್ತಿರ ಹೊಲದಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನೋಡಿದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಗಂಡನಿಗೆ ಹಾಗೆಂದು ಹೇಳಿಯೂ ಬಿಟ್ಟೆ, ಅವರು ತಮಗೂ ಅಷ್ಟೇ ಅಂದರು.

ತಲೈಕುಂದಾದಲ್ಲಿ ದಾರಿ ಸಮವಾಯಿತು. ಕಾರು ತಿರುಗಿಸಿ ಊಟಿಗೆ ಮುಂದಾಗಿಯೇ ಹೋದೆವು. ಆದರೆ ಕಮಲಂ ಅವರ ಮನೆ ದಿಬ್ಬದ ಮೇಲೆ. ಅರ್ಧ ದಿಬ್ಬಕ್ಕೇ ಎಂಜಿನ್ನು ಮತ್ತೆ ಬಿಕ್ಕಿತು. ಗಡಿಯಾರದ ಗೋಪುರ ಎರಡು ಹೊಡೆಯಿತು. ಮತ್ತೆ ಹಿಂದು ಮುಂದು ಮಾಡಲು ಬೆಳ್ಳಿಗೆ ಮಾತ್ರ ಸಂಕೋಚ. ಒಬ್ಬರ ಮನೆಬಾಗಿಲಿಗೆ, ಅದೂ ಊರು ಬಿಟ್ಟು ಹೊರಟವರ ಮನೆಗೆ, ಬೆನ್ನು ಮಾಡಿಕೊಂಡು ಹೋಗುವುದು ಶುಭವಲ್ಲ ಅಂದ. ಶುಭ ನೋಡುತ್ತ ಕೂತರೆ ರೈಲು ಹೋಗುತ್ತದೆ, ತುಳಿ ಅಂದೆ.

ಬೆನ್ನು ಮಾಡಿಕೊಂಡೇ ಹತ್ತಿದೆವು. ಗೇಟಿನ ಒಳಗೆ ಟ್ರಂಕಿನ ಮೇಲೆ ಕೂತಿದ್ದ ಬಿಳಿ ಸೀರೆಯ ಹೆಂಗಸು ತಟ್ಟನೆ ಎದ್ದರು. ಎದ್ದವರು ಗೇಟಿಗೆ ಬರಲಿಲ್ಲ. ಮನೆಯ ಕಡೆ ನಾಲ್ಕು ಹೆಜ್ಜೆ ಓಡಿ, ಬೀಗ ಹಾಕಿದ ಬಾಗಿಲು ಕಂಡು ನಿಂತರು. ಆಮೇಲೆ ಮೆಲ್ಲಗೆ ತಿರುಗಿ ಬಂದರು. ನಮ್ಮವರು ಹಿಂದು ಮುಂದಾಗಿ ಬಂದದ್ದಕ್ಕೆ ತಪ್ಪಾಯಿತು ಅಂತ ಕೈಮುಗಿದರು.

"ಅವರೂ ಹೀಗೇ ಬರೋದು," ಅಂದರು ಕಮಲಂ, ನನ್ನ ಕೈ ಹಿಡಿದುಕೊಂಡು. "ಶನಿವಾರ ಶನಿವಾರ. ಬೆನ್ನು ಕಂಡ ಕೂಡಲೇ ಒಳಗೆ ಓಡಿ ಕಾಫಿಗೆ ನೀರು ಇಡ್ತಾ ಇದ್ದೆ ಅಮ್ಮಾ. ಯಾರು ನಿಮಗೆ ಹೇಳಿಕೊಟ್ಟದ್ದು?"

ನಾನು ನಡುವಿನ ಪೆಡಲು ತೋರಿಸಿದೆ. ಆಕೆ ಬಗ್ಗಿ, ಆ ಸವೆದ ಕಬ್ಬಿಣದ ಮೇಲೆ ಅಂಗೈ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಟ್ರಂಕನ್ನು ಹಿಂದಿನ ಸೀಟಿಗೇರಿಸಿ, ಆಕೆಯನ್ನು ಮುಂದೆ ಕೂರಿಸಿಕೊಂಡು, ರೈಲಿಗೆ ಹತ್ತು ನಿಮಿಷ ಇರುವಾಗಲೇ ಸ್ಟೇಷನ್ ಮುಟ್ಟಿಸಿದೆವು. ಇಳಿಜಾರು ದಾರಿ, ಕಾರು ಮುಂದಾಗಿಯೇ ಹೋಯಿತು.

ಸಂಜೆ ಘಾಟಿ ಇಳಿಯುವಾಗ ಕಲ್ಲಟ್ಟಿ ಹತ್ತಿರ ಧರ್ಮಲಿಂಗಂ ಸಿಕ್ಕಿದ. ಪಾಪ, ಇನ್ನೂ ಹತ್ತುತ್ತಲೇ ಇದ್ದ. ನಮ್ಮವರು ಕಾರು ನಿಲ್ಲಿಸಲು ಹೇಳಿ, ಚೀಲದಿಂದ ಕಮ್ಮಾರ ಬಡಿದುಕೊಟ್ಟಿದ್ದ ಹೊಸ ಪೆಡಲು ತೆಗೆದು, ಹಳೇ ಕಬ್ಬಿಣಕ್ಕೆ ಹಾಕಿಕೋ ಅಂತ ಅವನ ಗಾಡಿಗೆ ಎಸೆದರು.